ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಮುಗಿದುಹೋದ ಪರ್ಫಾರ್ಮೆನ್ಸಿಗೆ ಇತಿಹಾಸ ಬರೆಯುವ ಕೆಲಸ

ಕಲಾವಿದರು ತಮ್ಮ ದೇಹವನ್ನೂ ಸಮಯವನ್ನೂ ಮಾಧ್ಯಮ ಮಾಡಿಕೊಂಡು ಜನರೆದುರು ನಡೆಸುವ ಕೃತಿಯೇ ಪರ್ಫಾರ್ಮೆನ್ಸ್ ಆರ್ಟ್. ಅದರ ಇತಿಹಾಸ ಬರೆಯುವವರ ವೃತ್ತಿಯ ಬಗ್ಗೆ ಬಂದ ಪ್ರಶ್ನೆಗಳಿಗೆ ಕಲಾ ಇತಿಹಾಸ ಪಾಠ ಮಾಡುವ ಒಬ್ಬರು, ಕಲಾ ದಾಖಲೆಗಳನ್ನು ಕಾಪಿಡುವ ಇನ್ನೊಬ್ಬರು ಸೇರಿ ಉತ್ತರಿಸಿದ್ದಾರೆ.

ಮಗಳು ಬಿವಿಎ (ದೃಶ್ಯಕಲೆಯ ಪದವಿ) ಕೊನೆಯ ವರ್ಷದಲ್ಲಿದ್ದಾಳೆ. ಚಿತ್ರ ಬರೆಯುವುದು ಬಿಟ್ಟು ಕಲಾ ಇತಿಹಾಸ ಓದುತ್ತೇನೆ, ಪರ್ಫಾರ್ಮೆನ್ಸ್ ಆರ್ಟ್ ಮೇಲೆ ಸಂಶೋಧನೆ ಮಾಡುತ್ತೇನೆ ಅನ್ನುತ್ತಾಳೆ. ಹೊಟ್ಟೆಪಾಡಿನ ಕತೆ ಏನು? (ತಂದೆಯೊಬ್ಬರು, ರಾಜಾಜಿನಗರ)

ಪರ್ಫಾರ್ಮೆನ್ಸ್ ಆರ್ಟ್ ಒಂದನ್ನೇ ನಂಬಿಕೊಂಡರೆ ಕಷ್ಟ. ಕಲಾ ಇತಿಹಾಸವನ್ನು ನಂಬಿಕೊಂಡು, ಅದನ್ನು ವಿಶೇಷ ವಿಷಯವಾಗಿ ಇಟ್ಟುಕೊಂಡರೆ ನಡೆಯುತ್ತದೆ, ನಿಧಾನಕ್ಕೆ. ಸಂಬಳ ಬರುವುದು ಸಾಮಾನ್ಯವಾಗಿ ಪಾಠ ಮಾಡುವುದರಿಂದ, ಮ್ಯೂಸಿಯಂ ಅಥವಾ ಗ್ಯಾಲರಿ ನೌಕರಿಯಿಂದ, ಕ್ಯಾಟಲಾಗ್ ಬರವಣಿಗೆಯಿಂದ, ಆರ್ಕೈವ್ ವಿಂಗಡಿಸುವ ಕೆಲಸದಿಂದ. ಬಹಳ ಜನ ಇವುಗಳಲ್ಲಿ ಎರಡನ್ನು ಒಟ್ಟಿಗೆ ಮಾಡುತ್ತಾರೆ.

ಓದಿಗೆ ಊರು ಬಿಡಲೇಬೇಕೆಂದಿಲ್ಲ. ಚಿತ್ರಕಲಾ ಪರಿಷತ್ತಿನಲ್ಲಿ ಕಲಾ ಇತಿಹಾಸದ ಎಂವಿಎ (ಸ್ನಾತಕೋತ್ತರ ಪದವಿ) ಇದೆ. ಹೊರಗೆ ಹೋಗುವುದಾದರೆ ಬರೋಡದ ಎಂ.ಎಸ್. ವಿಶ್ವವಿದ್ಯಾಲಯ, ಶಾಂತಿನಿಕೇತನ, ದೆಹಲಿಯ ಜೆಎನ್‌ಯು ಇವೆ. ಜೆಎನ್‌ಯುನ ಕಲೆ ಮತ್ತು ಸೌಂದರ್ಯಶಾಸ್ತ್ರ ವಿಭಾಗದಲ್ಲಿ ದೃಶ್ಯಕಲೆ, ರಂಗಭೂಮಿ, ಸಿನಿಮಾ ಮೂರನ್ನೂ ಒಂದೇ ಸೂರಿನಡಿ ಓದಬಹುದಾದ್ದರಿಂದ ಈ ವಿಷಯಕ್ಕೆ ಅದು ಚೆನ್ನಾಗಿ ಹೊಂದುತ್ತದೆ.

ಆಮೇಲೆ ಯುಜಿಸಿ ನೆಟ್, ಅಂದರೆ ಕಾಲೇಜಿನಲ್ಲಿ ಪಾಠ ಮಾಡಲು, ಸಂಶೋಧನಾ ವೇತನ ಪಡೆಯಲು ಬೇಕಾದ ಅರ್ಹತಾ ಪರೀಕ್ಷೆ. 'ದೃಶ್ಯಕಲೆ' ವಿಷಯದಲ್ಲಿ ಬರೆಯಬೇಕು: ಎರಡು ಪತ್ರಿಕೆ, 3 ಗಂಟೆ, 150 ಪ್ರಶ್ನೆ, 300 ಅಂಕ. ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತವೆ, ಕನ್ನಡ ಮಾಧ್ಯಮದವರು ಪಾರಿಭಾಷಿಕ ಪದಗಳನ್ನು ಮೊದಲೇ ರೂಢಿ ಮಾಡಿಕೊಳ್ಳಬೇಕು. ಜೆಆರ್‌ಎಫ್ (ಸಂಶೋಧನಾ ವೇತನ) ಸಿಕ್ಕರೆ 2023ರಲ್ಲಿ ಪರಿಷ್ಕರಿಸಿದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30, ಮಹಿಳೆಯರಿಗೆ ಐದು ವರ್ಷ ಸಡಿಲಿಕೆ ಉಂಟು.

ಪಿಎಚ್‌ಡಿ ಮುಗ್ಗರಿಸುವುದು ಹೆಚ್ಚಾಗಿ ವಿಷಯದ ಆಯ್ಕೆಯಲ್ಲಿ. 'ಭಾರತದಲ್ಲಿ ಪರ್ಫಾರ್ಮೆನ್ಸ್ ಆರ್ಟ್' ಎಂದು ನೋಂದಾಯಿಸಿದವರು ಮೂರನೇ ವರ್ಷದಲ್ಲೂ ಪಟ್ಟಿ ಮಾಡುತ್ತಲೇ ಇರುತ್ತಾರೆ. ಒಂದು ಊರು, ಒಂದು ಜಾಗ, ಐದಾರು ವರ್ಷದ ಅವಧಿ: ಇಷ್ಟಕ್ಕೆ ಇಳಿಸಿದರೆ ದಾಖಲೆ ಎಷ್ಟಿದೆ, ಬದುಕಿರುವ ಸಾಕ್ಷಿಗಳು ಯಾರು ಎಂದು ಆರು ತಿಂಗಳಲ್ಲೇ ಗೊತ್ತಾಗುತ್ತದೆ. ಬೆಂಗಳೂರಿನಲ್ಲೇ ಶಾಂತಿ ರಸ್ತೆಯ 1ನೇ ನಂಬರಿನ ಕಲಾಜಾಗ 2003ರಿಂದ ನಡೆದುಬಂದಿದೆ. ಅಂಥ ಒಂದು ವಿಳಾಸವೇ ಪ್ರಬಂಧಕ್ಕೆ ಸಾಕಾಗುತ್ತದೆ.

ಅನುದಾನಕ್ಕೆ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಇದೆ, 1993ರಲ್ಲಿ ಆರಂಭವಾದ ನಮ್ಮೂರಿನದೇ ಸಂಸ್ಥೆ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಅರ್ಜಿಗಳಲ್ಲಿ ಸಾಮಾನ್ಯವಾಗಿ ಕಾಣುವ ದೋಷವೆಂದರೆ ಬಜೆಟ್ಟಿನಲ್ಲಿ ಪ್ರಯಾಣದ ಖರ್ಚು ಮಾತ್ರ ಇರುವುದು. ಟೇಪು ಡಿಜಿಟಲ್ ಮಾಡಿಸುವ, ಸಂದರ್ಶನ ಬರಹಕ್ಕೆ ಇಳಿಸುವ ಖರ್ಚನ್ನು ಸೇರಿಸುವುದಕ್ಕೇ ಮರೆತಿರುತ್ತಾರೆ.

ನಾನು ನಾಟಕದ ಹಿನ್ನೆಲೆಯವನು. ರಂಗಭೂಮಿಯ ಇತಿಹಾಸ ಬರೆಯುವ ಅಭ್ಯಾಸ ಇಲ್ಲಿ ಸಾಕಾಗುವುದಿಲ್ಲವೇ? (ಓದುಗ, ಹನುಮಂತನಗರ)

ಅರ್ಧ ಸಾಕು. ದೇಹ, ಚಲನೆ, ಪ್ರೇಕ್ಷಕರನ್ನು ನೋಡುವ ಕಣ್ಣು ನಿಮಗೆ ಆಗಲೇ ಇದೆ. ಆದರೆ ನಾಟಕಕ್ಕೆ ಪಠ್ಯವಿರುತ್ತದೆ, ಮರುಪ್ರಯೋಗಗಳಿರುತ್ತವೆ. ಇಲ್ಲಿ ಬಹುಪಾಲು ಕೃತಿಗಳು ಒಮ್ಮೆ ನಡೆದು ಮುಗಿದವು, ಅವುಗಳ ನೆಂಟಸ್ತಿಕೆ ಚಿತ್ರ, ಶಿಲ್ಪಗಳ ಜೊತೆ. ಕಲಾವಿದೆ ರುಮ್ಮಾನಾ ಹುಸೇನ್ 1995ರಲ್ಲಿ ಮುಂಬೈನ ಎನ್‌ಸಿಪಿಎ ಕಲಾಕೇಂದ್ರದಲ್ಲಿ 'ಲಿವಿಂಗ್ ಆನ್ ದಿ ಮಾರ್ಜಿನ್ಸ್' ನಡೆಸಿದಾಗ ಕಾಲಲ್ಲಿ ಗೆಜ್ಜೆಯಿತ್ತು, ಕೈಯಲ್ಲಿ ಹೋಳು ಮಾಡಿದ ಪಪ್ಪಾಯಿ. ರಂಗದವರು ಗೆಜ್ಜೆಯಿಂದ ಶುರುಮಾಡುತ್ತಾರೆ. ಕಲಾ ಇತಿಹಾಸದವರು ಅದೇ ಪಪ್ಪಾಯಿ ರುಮ್ಮಾನಾ ಅವರ 1996ರ 'ಹೋಮ್/ನೇಷನ್'ನಲ್ಲಿ ತೆರೆದ ಬಾಯಿ, ಕಮಾನುಗಳ ಪಕ್ಕ ಹೇಗೆ ಕೂತಿದೆ ಎಂದು ನೋಡುತ್ತಾರೆ. ಆ ಎರಡನೆಯ ಅಭ್ಯಾಸವನ್ನು ನೀವು ಕಲಿಯಬೇಕು.

ಹಿರಿಯ ಕಲಾವಿದರೊಬ್ಬರ ಮನೆಯಲ್ಲಿ 2000ರ ಆಸುಪಾಸಿನ ಒಂದು ಪೆಟ್ಟಿಗೆ ಮಿನಿಡಿವಿ ಟೇಪು (ಕ್ಯಾಮೆರಾದ ಚಿಕ್ಕ ಡಿಜಿಟಲ್ ವಿಡಿಯೊ ಕ್ಯಾಸೆಟ್ಟು), ಫೋಟೊ ಆಲ್ಬಂ, ಆಮಂತ್ರಣ ಪತ್ರ ಸಿಕ್ಕಿವೆ. ಎಲ್ಲಿಂದ ಶುರುಮಾಡಲಿ? (ಸಂಶೋಧನಾ ವಿದ್ಯಾರ್ಥಿನಿ, ಜ್ಞಾನಭಾರತಿ)

ಮೊದಲು ಏನನ್ನೂ ವಿಂಗಡಿಸಬೇಡಿ. ಪೆಟ್ಟಿಗೆಯಲ್ಲಿ ಯಾವುದು ಯಾವುದರ ಪಕ್ಕ ಇತ್ತು ಎನ್ನುವುದೇ ಒಂದು ಮಾಹಿತಿ. ಪದರ ಪದರವಾಗಿ ಫೋಟೊ ತೆಗೆದು, ಪ್ರತಿ ವಸ್ತುವಿಗೂ ಕ್ರಮಸಂಖ್ಯೆ ಕೊಟ್ಟು, ಆಮೇಲೆ ಮುಟ್ಟಿ.

ತುರ್ತು ಇರುವುದು ಟೇಪಿಗೆ. ಕಿಟಕಿಯಂಥ ಪ್ಲಾಸ್ಟಿಕ್ಕಿನ ಮೂಲಕ ಬೆಳಕಿಗೆ ಹಿಡಿದು ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಚುಕ್ಕೆ, ಬಲೆಯಂಥದ್ದು ಕಂಡರೆ ಅದು ಬೂಷ್ಟು. ಅದನ್ನು ಯಂತ್ರಕ್ಕೆ ಹಾಕಿದರೆ ಟೇಪು ಓದುವ ಹೆಡ್ ಕೆಡುತ್ತದೆ, ಮುಂದೆ ಹಾಕುವ ಟೇಪಿಗೂ ಅಂಟುತ್ತದೆ. ಬೇರೆ ಡಬ್ಬಿಯಲ್ಲಿಟ್ಟು ಸ್ವಚ್ಛಗೊಳಿಸಬಲ್ಲವರಿಗೆ ಕೊಡಿ. ಉಳಿದವುಗಳ ಅಂಚಿನ ಪುಟ್ಟ ಗುಂಡಿಯನ್ನು 'ಸೇವ್' ಕಡೆಗೆ ಸರಿಸಿ, ಇಲ್ಲದಿದ್ದರೆ ಕೈತಪ್ಪಿ ಮೇಲೆಯೇ ರೆಕಾರ್ಡ್ ಆಗಬಹುದು. ಒಮ್ಮೆ ಕೊನೆಯವರೆಗೆ ಓಡಿಸಿ, ಹಿಂದಕ್ಕೆ ಸುತ್ತಿ, ಬಿಗಿ ಸರಿಯಾದ ಮೇಲೆ ಪ್ಲೇ ಮಾಡಿ. ಎಲ್‌ಪಿ ಮೋಡ್‌ನಲ್ಲಿ (ಹೆಚ್ಚು ಹೊತ್ತು ಹಿಡಿಸಲು ಟೇಪನ್ನು ನಿಧಾನಕ್ಕೆ ಓಡಿಸುವ ವಿಧಾನ) ತೆಗೆದದ್ದು ಬೇರೆ ಕ್ಯಾಮೆರಾದಲ್ಲಿ ಚೌಕಚೌಕವಾಗಿ ಒಡೆಯುತ್ತದೆ. ಆದ್ದರಿಂದ ಚಿತ್ರೀಕರಿಸಿದ ಕ್ಯಾಮೆರಾ ಮನೆಯಲ್ಲಿ ಉಳಿದಿದ್ದರೆ, ಕೆಟ್ಟಿದ್ದರೂ, ರಿಪೇರಿಗೆ ಯತ್ನಿಸುವುದು ಒಳ್ಳೆಯದು.

ಕಂಪ್ಯೂಟರಿಗೆ ವರ್ಗಾವಣೆ ಫೈರ್‌ವೈರ್ ತಂತಿಯಲ್ಲೇ (ಡಿಜಿಟಲ್ ಮಾಹಿತಿಯನ್ನು ಹಾಗೆಯೇ ಸಾಗಿಸುವ ತಂತಿ) ಆಗಬೇಕು. ಹೊಸ ಕಂಪ್ಯೂಟರುಗಳಲ್ಲಿ ಆ ಪೋರ್ಟ್ ಇಲ್ಲ. ಹಳೆಯ ಲ್ಯಾಪ್‌ಟಾಪ್ ಅಥವಾ ಕಾರ್ಡ್ ಹಾಕಿದ ಡೆಸ್ಕ್‌ಟಾಪ್ ಹುಡುಕಿ. ಹಳದಿ-ಬಿಳಿ-ಕೆಂಪು ತಂತಿಯಿಂದ ಯುಎಸ್‌ಬಿಗೆ ಇಳಿಸಿ ಡಿವಿಡಿ ಮಾಡಿಕೊಡುವ ಅಂಗಡಿಗಳಿವೆ. ಮದುವೆ ವಿಡಿಯೊಗೆ ಅದು ಸಾಕು, ನಿಮಗೆ ಸಾಲದು, ಏಕೆಂದರೆ ಆ ದಾರಿಯಲ್ಲಿ ಟೇಪಿನೊಳಗೆ ಬರೆದಿಟ್ಟ ರೆಕಾರ್ಡಿಂಗ್ ದಿನಾಂಕ, ಗಂಟೆ, ಟೈಮ್‌ಕೋಡ್ (ಪ್ರತಿ ಫ್ರೇಮಿನ ಸಮಯದ ಗುರುತು) ಬರುವುದಿಲ್ಲ. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು, ಸುಮಾರು 13 ಜಿಬಿ ಜಾಗ ಬೇಕು. ಮೂಲ ಡಿವಿ ಫೈಲನ್ನು ಹಾಗೆಯೇ ಉಳಿಸಿ, ನೋಡಲು ಚಿಕ್ಕ ಪ್ರತಿ ಬೇರೆ ಮಾಡಿ. ಮೂರು ಪ್ರತಿಗಳಿರಲಿ, ಒಂದು ಬೇರೆ ಮನೆಯಲ್ಲಿರಲಿ.

ಸಿಕ್ಕ ದಿನಾಂಕವನ್ನು ತಕ್ಷಣ ನಂಬಬೇಡಿ. ಕ್ಯಾಮೆರಾದ ಗಡಿಯಾರದ ಬ್ಯಾಟರಿ ಸತ್ತಿದ್ದರೆ ಎಲ್ಲವೂ ಯಾವುದೋ ವರ್ಷದ ಜನವರಿ 1 ಎಂದೇ ತೋರಿಸುತ್ತದೆ. ಆಮಂತ್ರಣ ಪತ್ರದಲ್ಲಿ ದಿನಾಂಕ, ವಾರ ಇದ್ದು ಇಸವಿ ಇಲ್ಲದಿರುವುದು ಮಾಮೂಲು. ಪಂಚಾಂಗದ ಜೊತೆ ತಾಳೆ ನೋಡಿದರೆ ಎರಡು ಮೂರು ವರ್ಷಗಳಿಗೆ ಇಳಿಯುತ್ತದೆ. ಅದರಲ್ಲಿ ಬೆಂಗಳೂರಿನ ಏಳಂಕಿಯ ದೂರವಾಣಿ ಸಂಖ್ಯೆ ಇದ್ದರೆ 2000ರ ದಶಕದ ಆರಂಭಕ್ಕಿಂತ ಈಚಿನದ್ದಲ್ಲ, ಸಂಖ್ಯೆಯ ಮುಂದೆ 2 ಸೇರಿ ಎಂಟಂಕಿಯಾದದ್ದು ಆಗ. ಎಂ.ಜಿ. ರಸ್ತೆಯ ಬೀದಿ ಪರ್ಫಾರ್ಮೆನ್ಸಾದರೆ ಹಿನ್ನೆಲೆ ನೋಡಿ: ಬೂಲೆವಾರ್ಡಿನ ಮರಸಾಲು ಇದೆಯೋ, ಮೆಟ್ರೊ ಕಂಬ ಇದೆಯೋ? ಅಲ್ಲಿ ಮೆಟ್ರೊ ಓಡಿದ್ದು 2011ರ ಅಕ್ಟೋಬರ್ 20ರಿಂದ. ದಿನಪತ್ರಿಕೆಗಳ 'ನಗರದಲ್ಲಿ ಇಂದು' ಕಾಲಂ ಕೊನೆಯ ಪರೀಕ್ಷೆ. ಅಲ್ಲಿ ಪ್ರಕಟವಾಗಿದ್ದರೆ ಕಾರ್ಯಕ್ರಮ ನಿಗದಿಯಾಗಿತ್ತು ಎಂದಷ್ಟೇ ಅರ್ಥ, ನಡೆಯಿತು ಎಂದಲ್ಲ.

ಫೋಟೊ ವಿಷಯಕ್ಕೆ ಬಂದರೆ, 4×6 ಇಂಚಿನ ಪ್ರಿಂಟನ್ನು 600 ಡಿಪಿಐನಲ್ಲಿ ಟಿಫ್ ಆಗಿ ಸ್ಕ್ಯಾನ್ ಮಾಡಿ, ಒಂದೊಂದು ಸುಮಾರು 25 ಎಂಬಿ ಆಗುತ್ತದೆ. ಅಂಟಿನ ಹಾಳೆಯ ಆಲ್ಬಮ್ಮಿನಿಂದ ಪ್ರಿಂಟು ಕೀಳಬೇಡಿ, ಹಾಳೆಸಮೇತ ಸ್ಕ್ಯಾನ್ ಮಾಡಿ. ಪ್ರಿಂಟಿಗಿಂತ ನೆಗೆಟಿವ್ ಮುಖ್ಯ, ಅದರಂಚಿನ ಅಂಕಿ ಘಟನೆಯ ಕ್ರಮವನ್ನು ಹೇಳುತ್ತದೆ. ಆಲ್ಬಮ್ಮಿನಲ್ಲಿ ಕೊನೆಗಿರುವ ಚಿತ್ರ ರೋಲಿನಲ್ಲಿ ಏಳನೆಯದ್ದಾಗಿರುವುದು ಅಪರೂಪವೇನಲ್ಲ, ಚೆನ್ನಾಗಿ ಬಂದದ್ದನ್ನು ಕೊನೆಗಿಡುವುದು ಎಲ್ಲರ ಅಭ್ಯಾಸ.

ಇನ್ನು ಫೋಟೊ ಏನನ್ನು ತೋರಿಸುತ್ತಿದೆ ಎಂಬ ಪ್ರಶ್ನೆ. ಈ ವೃತ್ತಿಯಲ್ಲಿ ಜನ ಎಡವುವುದೇ ಇಲ್ಲಿ. ಆಸ್ಟ್ರಿಯಾದ ಕಲಾವಿದ ರುಡೋಲ್ಫ್ ಶ್ವಾರ್ಟ್ಸ್‌ಕೋಗ್ಲರ್ ತನ್ನ ಜನನಾಂಗವನ್ನು ತಾನೇ ಕತ್ತರಿಸಿಕೊಂಡು ಸತ್ತ ಎಂದು ಅಮೆರಿಕದ ವಾರಪತ್ರಿಕೆಯೊಂದು 1972ರಲ್ಲಿ ಬರೆಯಿತು, ಅದು ಬಹುಕಾಲ ಓಡಾಡಿತು. ಆತ ಸತ್ತದ್ದು 1969ರಲ್ಲಿ, ಕಿಟಕಿಯಿಂದ ಬಿದ್ದು. ಆ ಕತೆಗೆ ಕಾರಣವಾದ, ಬ್ಯಾಂಡೇಜ್ ಸುತ್ತಿದ ದೇಹದ ಫೋಟೊಗಳಲ್ಲಿರುವುದು ಹೈನ್ಸ್ ಸಿಬುಲ್ಕಾ ಎಂಬ ಮಾಡೆಲ್, ಗಾಯವೆಲ್ಲ ಹೂಡಿದ ದೃಶ್ಯ. ಫ್ರಾನ್ಸಿನ ಕಲಾವಿದ ಈವ್ ಕ್ಲೈನ್ 1960ರಲ್ಲಿ ಮಹಡಿಯಿಂದ ಹಾರಿದ ಪ್ರಸಿದ್ಧ ಚಿತ್ರವೂ ಎರಡು ನೆಗೆಟಿವ್ ಜೋಡಿಸಿದ್ದು, ಕೆಳಗೆ ಟಾರ್ಪಾಲಿನ್ ಹಿಡಿದು ನಿಂತವರನ್ನು ತೆಗೆಯಲಾಗಿದೆ. ನಮ್ಮೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಮಾಡಿದ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' ಸರಣಿಯಲ್ಲಂತೂ ಫೋಟೊವೇ ಕೃತಿ. ಹೀಗಾಗಿ ಪ್ರತಿ ಚಿತ್ರಕ್ಕೂ ಮೊದಲೇ ಬರೆದಿಡಿ: ಪ್ರೇಕ್ಷಕರಿದ್ದರೇ, ಕ್ಯಾಮೆರಾಕ್ಕಾಗಿ ಮತ್ತೆ ಮಾಡಿದ್ದೇ, ತೆಗೆದವರು ಯಾರು?

ಕಲಾವಿದರ ಸಂದರ್ಶನದಲ್ಲಿ ಅವರು ಫೋಟೊದಲ್ಲಿರುವುದನ್ನೇ ವಿವರಿಸುತ್ತಾರೆ, ಹೊಸತೇನೂ ಹೊರಡುವುದಿಲ್ಲ. ಏನು ಮಾಡಲಿ? (ಅದೇ ಓದುಗರಿಂದ)

ಫೋಟೊ ಮೊದಲೇ ತೋರಿಸಿರುತ್ತೀರಿ, ಅದಕ್ಕೇ ಹಾಗಾಗುತ್ತದೆ. ಒಮ್ಮೆ ಚಿತ್ರ ಕಣ್ಣೆದುರು ಬಂದರೆ ನೆನಪು ಅದರ ಚೌಕಟ್ಟಿನೊಳಗೇ ಕೂರುತ್ತದೆ. ಮೊದಲ ಭೇಟಿಯಲ್ಲಿ ಬರಿಗೈಲಿ ಹೋಗಿ. 'ಏಕೆ ಮಾಡಿದಿರಿ' ಎಂದು ಕೇಳಿದರೆ ಕ್ಯಾಟಲಾಗಿನ ವಾಕ್ಯಗಳೇ ಬರುತ್ತವೆ. ಮಣ್ಣು ಎಲ್ಲಿಂದ ತಂದಿರಿ, ಮುಗಿದ ಮೇಲೆ ಯಾರು ಗುಡಿಸಿದರು, ಎಷ್ಟು ಜನ ನಡುವೆ ಎದ್ದುಹೋದರು ಎಂದು ಕೇಳಿ. ಎರಡನೆಯ ಭೇಟಿಯಲ್ಲಿ ಫೋಟೊ ಇಡಿ. ಎರಡು ಹೇಳಿಕೆಗಳು ಹೊಂದದಿದ್ದರೆ ಎರಡನ್ನೂ ಬರೆದುಕೊಳ್ಳಿ.

ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, 48 ಕಿಲೊಹರ್ಟ್ಸ್, 24 ಬಿಟ್ ವೇವ್ ಫೈಲ್ ಆಗಿ ರೆಕಾರ್ಡ್ ಮಾಡಿ. ಒಪ್ಪಿಗೆ ಪತ್ರಕ್ಕೆ ಮಾತು ಮುಗಿದ ಮೇಲೆ ಸಹಿ ಪಡೆಯಿರಿ, ಏನು ಹೇಳಿದೆವು ಎಂಬುದು ಅವರಿಗೆ ಆಗ ಗೊತ್ತಿರುತ್ತದೆ. ಒಂದು ಗಂಟೆಯ ಮಾತು ಬರಹಕ್ಕಿಳಿಯಲು ನಾಲ್ಕರಿಂದ ಆರು ಗಂಟೆ ಬೇಕು.

ಪುಸ್ತಕದಲ್ಲಿ ಈ ಫೋಟೊ ಹಾಕಲು ಕಲಾವಿದರ ಅನುಮತಿ ಸಾಕೇ? (ಓದುಗರು, ಮಲ್ಲೇಶ್ವರ)

ಸಾಮಾನ್ಯವಾಗಿ ಸಾಲದು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಫೋಟೊದ ಮೊದಲ ಒಡೆತನ ತೆಗೆದವರದ್ದು, ಹಣ ಕೊಟ್ಟು ತೆಗೆಸಿದ್ದಾದರೆ ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ ತೆಗೆಸಿದವರದ್ದು. ಅವಧಿ ತೆಗೆದವರ ಜೀವಮಾನ ಮತ್ತು ಅವರು ತೀರಿಕೊಂಡ ಮೇಲೆ 60 ವರ್ಷ. ಪ್ರದರ್ಶಕರ ಹಕ್ಕು ಬೇರೆಯೇ ಇದೆ, ಅದು 50 ವರ್ಷ. ಆ ಕಾಯ್ದೆಯ 'ಪ್ರದರ್ಶಕ' ಪಟ್ಟಿಯಲ್ಲಿ ದೊಂಬರು, ಹಾವಾಡಿಗರು, ಉಪನ್ಯಾಸಕರು ಎಲ್ಲ ಇದ್ದಾರೆ, ಪರ್ಫಾರ್ಮೆನ್ಸ್ ಕಲಾವಿದರು 'ಪ್ರದರ್ಶನ ನೀಡುವ ಇತರ ಯಾರೇ' ಎಂಬುದರಡಿ ಬರುತ್ತಾರೆ. ಇಬ್ಬರಿಂದಲೂ ಬರಹದಲ್ಲಿ ಪಡೆಯಿರಿ, ಮುದ್ರಣ ಮತ್ತು ಆನ್‌ಲೈನ್ ಎರಡನ್ನೂ ಹೆಸರಿಸಿ.

ಕಲಾವಿದರು ಫೋಟೊ, ವಿಡಿಯೊ ಬೇಡ ಎಂದುಬಿಟ್ಟರೆ? (ಓದುಗರು, ಕೆಂಗೇರಿ)

ಬೇಡವೆಂದರೆ ಬೇಡ. ಕಲಾವಿದ ಟೀನೊ ಸೆಹಗಲ್ ತಮ್ಮ ಕೃತಿಗಳನ್ನು ಮ್ಯೂಸಿಯಂಗಳಿಗೆ ಮಾರುವಾಗಲೂ ನೋಟರಿಯ ಎದುರು ಬಾಯಿಮಾತಿನ ಒಪ್ಪಂದ ಮಾಡುತ್ತಾರೆ, ಕಾಗದವೇ ಇಲ್ಲ. ಅಂಥ ಕಡೆ ನಿಮ್ಮ ಟಿಪ್ಪಣಿಯೇ ದಾಖಲೆ. ಶುರುವಾದ, ಮುಗಿದ ಗಂಟೆ, ನೀವು ನಿಂತ ಜಾಗ ಸೇರಿಸಿ ನೆಲದ ನಕ್ಷೆ, ವಸ್ತುಗಳು ಮತ್ತು ಅವುಗಳ ಎಣಿಕೆ, ಸುಮಾರು ಎಷ್ಟು ಜನ, ಬೆಳಕು, ವಾಸನೆ, ಸದ್ದು ಬರೆದುಕೊಳ್ಳಿ. ಕಂಡದ್ದು ಎಡಪುಟಕ್ಕೆ, ನಿಮಗೆ ಅನ್ನಿಸಿದ್ದು ಬಲಪುಟಕ್ಕೆ. ಅಂದೇ ರಾತ್ರಿ ಬರೆಯಿರಿ, ಅದಕ್ಕೆ ಮೊದಲು ಬೇರೆ ಪ್ರೇಕ್ಷಕರೊಡನೆ ಚರ್ಚಿಸಬೇಡಿ, ಕಲಾವಿದರ ಹೇಳಿಕೆ ಪತ್ರವನ್ನೂ ಆಮೇಲೆಯೇ ಓದಿ.