ಆರುನೂರು ರೂಪಾಯಿಯ ಕುಂಬಳಕಾಯಿ

ಮಂಡ್ಯದಿಂದ ಒಬ್ಬ ಓದುಗರು ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. 'ಹುಟ್ಟಿದಾಗಿನಿಂದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು. ದೀಕ್ಷಾಸ್ನಾನ, ಮದುವೆ ಎಲ್ಲ ಅಲ್ಲೇ. ಈಗ ಕಮಿಟಿಯಲ್ಲಿ ಎರಡು ಪಾರ್ಟಿ. ಭಾನುವಾರದ ಪ್ರಸಂಗದಲ್ಲೂ ಅದೇ ಕುಟುಕು. ಹೋದ ವರ್ಷ ಅಪ್ಪ ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದರು, ಸಭೆಯಿಂದ ಒಬ್ಬರೂ ಬಂದು ನೋಡಲಿಲ್ಲ. ಮೈಸೂರಿನಲ್ಲಿ ಗೆಳತಿ ಹೋಗುವ ಪ್ರಾರ್ಥನಾ ಕೂಟವಿದೆ. ಗಿಟಾರು, ಡ್ರಮ್ಮು, ಎಲ್ಲರೂ ನಗುನಗುತ್ತಾ ಮಾತಾಡಿಸುತ್ತಾರೆ. ಅಮ್ಮ ಮಾತ್ರ ನಾನು ಬರಲ್ಲ ಅಂತಾರೆ. ಬಿಡಲೋ, ಇರಲೋ?'

ನೋಡಿ ತಾಯಿ, ಮೊದಲು ಒಂದು ಮಾತು. ಹೆಣ್ಣುಮಕ್ಕಳ ಮೈಮೇಲೆ ಕೈ ಹಾಕಿದವನನ್ನು ಸಭೆಯ ಮರ್ಯಾದೆ ಅಂತ ಮುಚ್ಚಿಡುವ ಕಡೆ ಒಂದು ಭಾನುವಾರವೂ ಇರಬೇಡಿ. ಬಿಡಿ, ಪೊಲೀಸ್ ಠಾಣೆಗೂ ಹೋಗಿ. ನಂಬಿಕೆಯೇ ಹೋಗಿದ್ದರೆ ಸುಮ್ನೆ ಬೆಂಚು ಬಿಸಿ ಮಾಡುವುದೂ ಬೇಡ. ನಿಮ್ಮ ಕಾಗದದಲ್ಲಿ ಅಂಥದ್ದೇನೂ ಕಾಣಲಿಲ್ಲ. ನಿಮ್ಮದು ಬೇಜಾರು. ಬೇಜಾರಿನಲ್ಲಿ ನನಗೆ ಅನುಭವ ಜಾಸ್ತಿ.

ನಾನೂ ಸಭೆಯವನೇ. ಇಪ್ಪತ್ತು ವರ್ಷದ ಹಿಂದೆ ಕಮಿಟಿ ಚುನಾವಣೆಗೆ ನಿಂತು ಹನ್ನೊಂದು ಓಟಿನಲ್ಲಿ ಸೋತೆ. ಗೆದ್ದವರು ನನ್ನ ಬಗ್ಗೆ ಏನೇನೋ ಹಬ್ಬಿಸಿದ್ದರು. ಮೂರು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಅಷ್ಟರಲ್ಲಿ ಸಭೆಯ ಸುಗ್ಗಿ ಹಬ್ಬ ಬಂತು, ಬೆಳೆದದ್ದನ್ನು ತಂದುಕೊಟ್ಟು ಹರಾಜು ಹಾಕುವ ದಿನ. ನಮ್ಮ ಮನೆಯವಳು ಹಿತ್ತಲಲ್ಲಿ ಒಂದು ಕುಂಬಳಕಾಯಿ ಬೆಳೆದಿದ್ದಳು. 'ನನ್ನ ಕೈಲಿ ಎತ್ತೋಕಾಗಲ್ಲ, ಆಟೋದಿಂದ ಇಳಿಸಿಕೊಟ್ಟು ಹೋಗಿ' ಅಂದಳು. ಇಳಿಸಿಕೊಟ್ಟೆ, ಹೋಗಲಿಲ್ಲ. ಹರಾಜು ನೋಡುತ್ತಾ ಬೇವಿನ ಮರದ ಕೆಳಗೆ ನಿಂತೆ. ಐವತ್ತು ರೂಪಾಯಿಗೆ ಶುರುವಾದ ಕಾಯಿಯನ್ನು ಆ ಗೆದ್ದ ಮನುಷ್ಯ ಆರುನೂರಕ್ಕೆ ಕೂಗಿದರು. ಸಂಜೆ ಅದನ್ನು ಎರಡು ಹೋಳು ಮಾಡಿ, 'ನಮ್ಮ ಮನೇಲಿ ಇಬ್ಬರೇ' ಅಂತ ಹೇಳಿ ಒಂದನ್ನು ನಮ್ಮ ಮನೆಗೇ ಕಳಿಸಿದರು. ಅವರು ಕ್ಷಮೆ ಕೇಳಲಿಲ್ಲ, ನಾನೂ ಕೇಳಲಿಲ್ಲ. ಹುಳಿ ಮಾಡಿಕೊಂಡು ಉಂಡೆವು. ಇವತ್ತಿಗೂ ಇಬ್ಬರೂ ಒಂದೇ ಬೆಂಚು. ಅವರದು ಅಪಸ್ವರ, ನನ್ನದು ಕೆಮ್ಮು. ಕೆಮ್ಮು ಹತ್ತಿದಾಗ ಕೀರ್ತನೆ ಪುಸ್ತಕದ ಕೆಳಗಿಂದ ಶುಂಠಿ ಪೆಪ್ಪರ್‌ಮೆಂಟು ದಾಟಿಸುತ್ತಾರೆ. ನಗುನಗುತ್ತಾ ಮಾತಾಡಿಸುವವರು ಮೊದಲ ವಾರವೇ ಸಿಗುತ್ತಾರಮ್ಮ. ಇಂಥವರು ಸಿಗೋಕೆ ಒಂದು ಚುನಾವಣೆ ಸೋಲಬೇಕು.

ನಮ್ಮ ಸೀಮೆಯ ಹಳೆಯ ಸಭೆಗಳಲ್ಲಿ ಬಹಳಷ್ಟು ವೆಸ್ಲಿಯನ್ ಮಿಷನ್ನಿನವು ಅಲ್ವಾ? ಆ ಹೆಸರಿನ ಮೂಲ ಪುರುಷ, ಇಂಗ್ಲೆಂಡಿನ ಗುರು ಜಾನ್ ವೆಸ್ಲಿಗೆ ಅವರದೇ ಚರ್ಚುಗಳು ಬಾಗಿಲು ಹಾಕಿದವು. ಅವರು ಬಯಲಿನಲ್ಲಿ ನಿಂತು ಪ್ರಸಂಗ ಮಾಡಿದರು. ಆದರೂ 1791ರಲ್ಲಿ ಸಾಯುವಾಗ ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಚರ್ಚಿನ, ಗುರುವೇ ಆಗಿದ್ದರು. ಬೇರೆ ಮನೆ ಮಾಡಿದ್ದು ಅವರ ನಂತರ ಬಂದವರು. (1784ರಲ್ಲಿ ತಾವೇ ಗುರುದೀಕ್ಷೆ ಕೊಟ್ಟು ಅಮೆರಿಕಕ್ಕೆ ಜನ ಕಳಿಸಿ, ಹೊಸ್ತಿಲಾಚೆ ಒಂದು ಕಾಲಿಟ್ಟಿದ್ದು ನಿಜ. ಅದನ್ನು ನಿಮ್ಮ ಗೆಳತಿಗೆ ಹೇಳಬೇಡಿ.) ಹಾಗೆ ಬೇರೆಯಾದವರನ್ನು ಇಲ್ಲಿ ಮತ್ತೆ ಆಂಗ್ಲಿಕನ್ನರ ಜೊತೆ ಕೂರಿಸೋಕೆ 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಮಾತುಕತೆ ಶುರುವಾಯಿತು. ಮುಗಿದದ್ದು ಮದರಾಸಿನಲ್ಲಿ, 1947ರ ಸೆಪ್ಟೆಂಬರ್ 27ಕ್ಕೆ. ನಿಮ್ಮ ಸಭೆಯ ಬೋರ್ಡಿನಲ್ಲಿರುವ ಸಿ.ಎಸ್.ಐ. ಅನ್ನೋ ಮೂರು ಅಕ್ಷರ 28 ವರ್ಷದ ಕಮಿಟಿ ಮೀಟಿಂಗು. ಅಲ್ಲೂ ಎರಡಲ್ಲ, ನಾಲ್ಕು ಪಾರ್ಟಿ ಇದ್ದಿರಬೇಕು.

ಬಿಟ್ಟು ಹೋದವರ ಕಥೆಯೂ ನಿಮ್ಮ ಜಿಲ್ಲೆಯಲ್ಲೇ ಇದೆ. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಚರ್ಚು ಕಟ್ಟಿದ ಫ್ರೆಂಚ್ ಪಾದ್ರಿ ಅಬ್ಬೆ ದುಬೆ, 1799ರಲ್ಲಿ ಟಿಪ್ಪು ಬಿದ್ದ ಮೇಲೆ ಚೆದುರಿಹೋಗಿದ್ದ ಕ್ರೈಸ್ತರನ್ನು ಒಟ್ಟು ಮಾಡೋಕೆ ಬಂದವರು. ನಮ್ಮವರಂತೆ ಉಟ್ಟರು, ಉಂಡರು. ಸಿಡುಬಿಗೆ 25 ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದರು. ಕೊನೆಗೆ 1823ರಲ್ಲಿ, ಈ ದೇಶದಲ್ಲಿ ಕ್ರೈಸ್ತ ಮತ ಬೇರು ಬಿಡೋ ಆಸೆಯೇ ಇಲ್ಲ ಅಂತ ಬೇಸತ್ತು ಫ್ರಾನ್ಸಿಗೆ ವಾಪಸ್ ಹೋದರು. ಅವರ ಚರ್ಚು ಇನ್ನೂ ಇದೆ. ಒಂದು ಭಾನುವಾರ ಅಮ್ಮನನ್ನು ಕರೆದುಕೊಂಡು ಹೋಗಿ ಬನ್ನಿ.

ಈ ಬಿಡುವ ಚಟ ಬರೀ ಸಭೆಯದ್ದಲ್ಲ. ನಮ್ಮ ಬಡಾವಣೆಯ ಕನ್ನಡ ಸಂಘ ಒಡೆದು ಎರಡಾಯಿತು, ಎರಡು ಮೂರಾಯಿತು. ನವೆಂಬರಿನಲ್ಲಿ ಒಂದೇ ಸರ್ಕಲ್ಲಿನಲ್ಲಿ ಮೂರು ಶಾಮಿಯಾನ, ಮೂರರಲ್ಲೂ ಖಾಲಿ ಕುರ್ಚಿ. ವಾಚನಾಲಯದಲ್ಲಿ ಫ್ಯಾನ್ ಸರಿಯಿಲ್ಲ ಅಂತ ಸದಸ್ಯತ್ವ ಬಿಟ್ಟವರಿದ್ದಾರೆ, ಫ್ಯಾನ್ ರಿಪೇರಿ ಮಾಡಿಸಿದವರಿಲ್ಲ. ಪತ್ರಿಕೆಯದ್ದಂತೂ ಕೇಳಲೇಬೇಡಿ. ಮೊದಲು ಸಂಪಾದಕೀಯ ಹಿಡಿಸದಿದ್ದರೆ ಓದುಗರು ಇನ್‌ಲ್ಯಾಂಡ್ ಲೆಟರಿನ ಅಂಚಿನವರೆಗೂ ಬೈದು ಬರೆಯುತ್ತಿದ್ದರು. ಕೆ.ಆರ್. ಪೇಟೆ ಕಡೆಯ ಒಬ್ಬ ಮೇಷ್ಟ್ರು ಹದಿನಾಲ್ಕು ವರ್ಷ ತಿಂಗಳು ತಪ್ಪದೆ ಬೈದರು. ಅವರ ಕಾಗದ ಬರದ ತಿಂಗಳು ನಾನೇ ಗಾಬರಿಯಾಗಿ ಫೋನ್ ಮಾಡಿದ್ದೆ. ಈಗಿನವರು ಬೈಯುವುದೂ ಇಲ್ಲ, ಚಂದಾ ನಿಲ್ಲಿಸುತ್ತಾರೆ.

ನಿಮ್ಮ ತಂದೆಯ ಹದಿನೆಂಟು ದಿನಕ್ಕೆ ನನ್ನ ಹತ್ತಿರ ಸಮಜಾಯಿಷಿ ಇಲ್ಲ. ಅದು ತಪ್ಪೇ. ಹೋಗಿ ಸಭೆಯ ಪಾದ್ರಿ ಅಯ್ಯನವರ ಎದುರು ಕೂತು 'ಯಾಕೆ ಬರಲಿಲ್ಲ?' ಅಂತ ಕೇಳಿ. ಕಮಿಟಿಯವರಿಗೂ ಕೇಳಿಸುವ ಹಾಗೆ ಕೇಳಿ. ಆದರೆ ಒಂದು ಸಣ್ಣ ಅನುಮಾನ, ಸಿಟ್ಟಾಗಬೇಡಿ. ಯಾರಿಗಾದರೂ ಹೇಳಿ ಕಳಿಸಿದ್ದಿರಾ? ವಾಟ್ಸ್ಯಾಪ್ ಸ್ಟೇಟಸ್ ಹಾಕಿದರೆ ಹೇಳಿದ ಹಾಗಾಗಲ್ಲ. ಮತ್ತೆ, ಅಮ್ಮ ಯಾಕೆ ಬರಲ್ಲ ಅಂತಾರೆ ಅನ್ನೋದನ್ನು ನೀವು ಬರೆದೇ ಇಲ್ಲ. ಕೇಳಿದಂತೆ ಕಾಣಲಿಲ್ಲ. ಅವರ ಅಪ್ಪ ಅಮ್ಮನ ಸಮಾಧಿ ಎಲ್ಲಿದೆ?

ಅಂದ ಹಾಗೆ, ಅಮ್ಮನ ಹೆಸರಿನಲ್ಲಿರುವ ನಮ್ಮ ಪತ್ರಿಕೆಯ ಚಂದಾ ಹೋದ ತಿಂಗಳೇ ಮುಗಿದಿದೆ. ಬಿಟ್ಟಿರಲಾರರು, ಮರೆತಿರಬೇಕು ಅಂತ ಈ ಸಂಚಿಕೆಯನ್ನೂ ಕಳಿಸಿದ್ದೇನೆ.

— ಸಂ.