ಹಬ್ ಹತ್ತಿರವೇ ಕ್ಲಚ್ ಪ್ಲೇಟ್ ಕಿತ್ತುಬರುತ್ತಿದೆಯಾ? ಗೇರ್‌ಬಾಕ್ಸ್ ಕೊಳ್ಳುವ ಮೊದಲು ಬೆಲ್ ಹೌಸಿಂಗ್‌ಗೆ ಡಯಲ್ ಇಡಿ

ನಮಸ್ಕಾರ. ಹಳೇ ಜೀಪಿಗೆ ಬೇರೆ ಗಾಡಿಯ ಡೀಸೆಲ್ ಎಂಜಿನ್ ಕೂರಿಸಿದ್ದೀರಿ. ಎಂಜಿನ್‌ಗೂ ಬೆಲ್ ಹೌಸಿಂಗ್‌ಗೂ (ಕ್ಲಚ್ಚನ್ನು ಮುಚ್ಚಿ, ಗೇರ್‌ಬಾಕ್ಸನ್ನು ಎಂಜಿನ್‌ಗೆ ಕೂಡಿಸುವ ಗಂಟೆಯಾಕಾರದ ಕವಚ) ನಡುವೆ ಲೇತ್‌ನಲ್ಲಿ ಮಾಡಿಸಿದ ಅಡಾಪ್ಟರ್ ಪ್ಲೇಟ್ ಇದೆ. 8 ತಿಂಗಳಲ್ಲಿ 2 ಕ್ಲಚ್ ಪ್ಲೇಟ್ ಹೋಗಿವೆ, ಎರಡೂ ಹಬ್ (ಪ್ಲೇಟಿನ ನಡುಭಾಗ) ಹತ್ತಿರವೇ ಕಿತ್ತುಬಂದಿವೆ. ಘಾಟಿ ಇಳಿಯುವಾಗ ಟಾಪ್ ಗೇರ್ ತಾನಾಗಿ ನ್ಯೂಟ್ರಲ್‌ಗೆ ಬೀಳುತ್ತದೆ. ಮೆಕ್ಯಾನಿಕ್ ಗೇರ್‌ಬಾಕ್ಸ್ ಬದಲಿಸಿ ಅಂದಿದ್ದಾರೆ, ಬದಲಿಸಬೇಕಾ ಅಂತ ಕೇಳಿದ್ದೀರಿ.

ಈಗಲೇ ಬದಲಿಸಬೇಡಿ. ನೀವು ಹೇಳಿದ ಲಕ್ಷಣ ನೋಡಿದರೆ ನನ್ನ ಅನುಮಾನ ಬೆಲ್ ಹೌಸಿಂಗ್ ಮೇಲೆ. ಅದರ ಸೆಂಟರ್ ಕ್ರ್ಯಾಂಕಿನ (ಎಂಜಿನ್ನಿನ ತಿರುಗುವ ಮುಖ್ಯ ಶಾಫ್ಟ್) ಸೆಂಟರ್‌ಗೆ ಕೂಡಿಲ್ಲ. ಹೊಸ ಗೇರ್‌ಬಾಕ್ಸ್ ಹಾಕಿದರೂ ಅದೇ ಓರೆಯಲ್ಲಿ ಕೂರುತ್ತದೆ, ಅದೂ ಹಾಳಾಗುತ್ತದೆ. ನಾನು ಲೇತ್ ಕೆಲಸದವನು. ನನ್ನ ಜೀಪಿನಲ್ಲೂ ಇದೇ ಆಗಿತ್ತು, ಕಾರಣ ಗೊತ್ತಾಗುವ ಮೊದಲು ಸುಮ್ನೆ ಒಂದು ಗೇರ್‌ಬಾಕ್ಸ್ ಓವರ್‌ಹಾಲ್ ಮಾಡಿಸಿಬಿಟ್ಟಿದ್ದೆ. ಆ ದುಡ್ಡು ನಿಮಗೂ ಹೋಗಬಾರದು ಅಂತ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್‌ಗೆ ಎರಡು ಕಡೆ ಆಸರೆ. ಹಿಂದೆ ಗೇರ್‌ಬಾಕ್ಸಿನ ಮುಂದಿನ ಬೇರಿಂಗ್, ಮುಂದೆ ಕ್ರ್ಯಾಂಕಿನ ತುದಿಯಲ್ಲಿರುವ ಪೈಲಟ್ ಬುಷ್ ಅಥವಾ ಬೇರಿಂಗ್. ಗೇರ್‌ಬಾಕ್ಸ್ ಎಲ್ಲಿ ಕೂರಬೇಕು ಅನ್ನುವುದನ್ನು ಬೆಲ್ ಹೌಸಿಂಗ್ ಹಿಂದಿನ ದೊಡ್ಡ ದುಂಡು ತೂತು ತೀರ್ಮಾನಿಸುತ್ತದೆ. ಆ ತೂತು ಕ್ರ್ಯಾಂಕಿನ ನೇರಕ್ಕೆ ಇಲ್ಲದಿದ್ದರೆ ಶಾಫ್ಟಿನ ಒಂದು ತುದಿ ಒಂದು ಗೆರೆಯಲ್ಲಿ, ಇನ್ನೊಂದು ತುದಿ ಇನ್ನೊಂದು ಗೆರೆಯಲ್ಲಿ. ಕ್ಲಚ್ ಪ್ಲೇಟಿನ ಅಂಚು ಫ್ಲೈವೀಲ್ (ಕ್ರ್ಯಾಂಕಿನ ತುದಿಯ ಭಾರದ ಚಕ್ರ) ಜೊತೆ ತಿರುಗುತ್ತದೆ, ಹಬ್ ಶಾಫ್ಟಿನ ಜೊತೆ ತಿರುಗುತ್ತದೆ. ಎರಡರ ಸೆಂಟರ್ ಬೇರೆ ಆದಾಗ ಪ್ರತಿ ಸುತ್ತಿಗೂ ಹಬ್ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಜಗ್ಗಿಸಿಕೊಳ್ಳುತ್ತದೆ. ತಗಡನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಮುರಿಯುತ್ತದಲ್ವಾ, ಹಾಗೇ. ಲೈನಿಂಗ್ (ಪ್ಲೇಟಿನ ಉಜ್ಜುವ ಪದರ) ಇನ್ನೂ ದಪ್ಪ ಇದ್ದು ಹಬ್ ಮಾತ್ರ ಕಿತ್ತುಬಂದರೆ ಅದು ಸಾಮಾನ್ಯವಾಗಿ ಓಡಿಸುವವರ ತಪ್ಪಲ್ಲ. ಕ್ಲಚ್ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸಿದರೆ ಲೈನಿಂಗ್ ಸುಡುತ್ತದೆ, ಹಬ್ ಮುರಿಯುವುದಿಲ್ಲ. ಟಾಪ್ ಗೇರ್ ಬೀಳುವುದಕ್ಕೂ ಇದೇ ಕಾರಣ ಇರಬಹುದು. ಟಾಪ್‌ನಲ್ಲಿ ಇನ್‌ಪುಟ್ ಶಾಫ್ಟೂ ಮೇನ್ ಶಾಫ್ಟೂ ನೇರವಾಗಿ ಲಾಕ್ ಆಗಿರುತ್ತವೆ. ಒಂದು ಓಲಾಡಿದರೆ ಲಾಕ್ ಜಾರುತ್ತದೆ.

ಗಾಡಿ ಬಿಚ್ಚಿದ ತಕ್ಷಣ ಮೊದಲು ನೋಡಬೇಕಾದದ್ದು ಡೋವೆಲ್ ಪಿನ್, ಅಂದರೆ ತೂತಿಗೆ ಬಿಗಿಯಾಗಿ ಕೂರುವ ಗುಂಡು ಪಿನ್. ಬೆಲ್ ಹೌಸಿಂಗನ್ನು ಸೆಂಟರ್‌ನಲ್ಲಿ ಹಿಡಿಯುವುದು ಬೋಲ್ಟ್ ಅಲ್ಲ. ಬೋಲ್ಟಿನ ತೂತು ಯಾವಾಗಲೂ ಸ್ವಲ್ಪ ಸಡಿಲ ಇರುತ್ತದೆ, ಅದರ ಕೆಲಸ ಬಿಗಿದು ಹಿಡಿಯುವುದು ಅಷ್ಟೇ. ಜಾಗ ತೋರಿಸುವುದು ಎರಡು ಡೋವೆಲ್. ನನ್ನ ಗಾಡಿಯಲ್ಲಿ ಒಂದು ಡೋವೆಲ್ ಇರಲೇ ಇಲ್ಲ. ಹಿಂದೆ ಯಾವಾಗಲೋ ಎಂಜಿನ್ ಇಳಿಸಿದವರು ವಾಪಸ್ ಹಾಕಿರಲಿಲ್ಲ, ಆ ತೂತಿನಲ್ಲಿ ಗ್ರೀಸ್ ಮಣ್ಣು ತುಂಬಿತ್ತು. ನಿಮ್ಮ ಅಡಾಪ್ಟರ್ ಪ್ಲೇಟಿನಲ್ಲಿ ಡೋವೆಲ್ ತೂತು ಇದೆಯಾ ನೋಡಿ. ರಟ್ಟಿನ ಮೇಲೆ ಅಚ್ಚು ತೆಗೆದು ಬೋಲ್ಟ್ ತೂತು ಮಾತ್ರ ಹೊಡೆದಿರುವ ಪ್ಲೇಟುಗಳನ್ನು ತುಂಬಾ ನೋಡಿದ್ದೇನೆ. ಅಂಥ ಪ್ಲೇಟಿನಲ್ಲಿ ಸೆಂಟರ್ ಕೂಡಿದರೆ ಅದು ಅದೃಷ್ಟ.

ಈಗ ಅಳೆಯುವ ಕೆಲಸ. ಬೇಕಾದದ್ದು ಒಂದು ಡಯಲ್ ಗೇಜ್ (ಸಣ್ಣ ಏರಿಳಿತವನ್ನು ಮಿ.ಮೀ.ನ ನೂರನೇ ಭಾಗದಲ್ಲಿ ತೋರಿಸುವ ಮಾಪಕ) ಮತ್ತು ಮ್ಯಾಗ್ನೆಟಿಕ್ ಸ್ಟ್ಯಾಂಡ್. ಹತ್ತಿರದ ಲೇತ್ ಅಂಗಡಿಯಲ್ಲಿ ಒಂದು ದಿನಕ್ಕೆ ಕೇಳಿದರೆ ಕೊಡುತ್ತಾರೆ. ಎಂಜಿನ್ ಗಾಡಿಯಲ್ಲೇ, ಅದರ ಮೌಂಟಿಂಗ್ ಮೇಲೇ ಇರಲಿ, ಹಿಂಭಾಗಕ್ಕೆ ಜಾಕ್ ಕೊಡಿ. ಗೇರ್‌ಬಾಕ್ಸ್, ಪ್ರೆಷರ್ ಪ್ಲೇಟ್, ಕ್ಲಚ್ ಪ್ಲೇಟ್ ತೆಗೆಯಿರಿ. ಎಂಜಿನ್ ಬ್ಲಾಕ್, ಅಡಾಪ್ಟರ್, ಬೆಲ್ ಹೌಸಿಂಗ್ ಎಲ್ಲದರ ಮುಖ ಚೆನ್ನಾಗಿ ಒರೆಸಿ. ಪೇಂಟ್, ತುಕ್ಕು, ಎದ್ದ ಬರ್ (ಲೋಹದ ಚೂಪು ಚೂರು) ಇದ್ದರೆ ಎಣ್ಣೆಕಲ್ಲಿನಿಂದ ತಿಕ್ಕಿ. ಇದನ್ನು ಬಿಟ್ಟು ಅಳೆದರೆ ಆ ಲೆಕ್ಕಕ್ಕೆ ಅರ್ಥವಿಲ್ಲ. ಆಮೇಲೆ ಅಡಾಪ್ಟರ್ ಮತ್ತು ಬೆಲ್ ಹೌಸಿಂಗ್ ಮಾತ್ರ ಹಾಕಿ ಬೋಲ್ಟುಗಳನ್ನು ಪೂರ್ತಿ ಟಾರ್ಕ್‌ಗೆ ಬಿಗಿಯಿರಿ.

ಸ್ಟ್ಯಾಂಡನ್ನು ಫ್ಲೈವೀಲ್ ಮೇಲೆ ಅಂಟಿಸಿ. ಡಯಲಿನ ಮುಳ್ಳು (ಒತ್ತಿದರೆ ಒಳಗೆ ಹೋಗುವ ತುದಿ) ಬೆಲ್ ಹೌಸಿಂಗ್‌ನ ಹಿಂದಿನ ತೂತಿನ ಒಳಗೋಡೆಗೆ ತಾಗಬೇಕು. ಸ್ಟ್ಯಾಂಡಿನ ಕಡ್ಡಿ ಆದಷ್ಟು ಗಿಡ್ಡ ಇರಲಿ, ಉದ್ದ ಆದರೆ ಡಯಲಿನ ತೂಕಕ್ಕೆ ಅದೇ ಬಾಗಿ ಸುಳ್ಳು ಹೇಳುತ್ತದೆ. ಗ್ಲೋ ಪ್ಲಗ್ ಇದ್ದರೆ ಬಿಚ್ಚಿ, ಕಂಪ್ರೆಷನ್ ಹೋಗಿ ಎಂಜಿನ್ ಹಗುರವಾಗಿ ತಿರುಗುತ್ತದೆ. ಕ್ರ್ಯಾಂಕನ್ನು ಮುಂದಿನ ಪುಲ್ಲಿ ಬೋಲ್ಟಿನಿಂದ ತಿರುಗಿಸಿ, ಎಂಜಿನ್ ಓಡುವ ದಿಕ್ಕಿಗೇ. ಗಡಿಯಾರ ನೆನಪಿಟ್ಟುಕೊಳ್ಳಿ. ಎಂಜಿನ್ ಹಿಂದೆ ನಿಂತು ನೋಡಿದಾಗ ಮುಳ್ಳು 12 ಗಂಟೆ ಜಾಗದಲ್ಲಿದ್ದರೆ ಡಯಲ್ ಸೊನ್ನೆ ಮಾಡಿ. ಆಮೇಲೆ 3, 6, 9 ರಲ್ಲಿ ಓದಿ ಬರೆದುಕೊಳ್ಳಿ. ಮತ್ತೆ 12ಕ್ಕೆ ಬಂದಾಗ ಸೊನ್ನೆಯೇ ತೋರಿಸಬೇಕು. ಇಲ್ಲದಿದ್ದರೆ ಏನೋ ಅಲುಗಾಡಿದೆ, ಮೊದಲಿಂದ ಶುರುಮಾಡಿ.

ಒಂದು ಉದಾಹರಣೆ ಕೊಡುತ್ತೇನೆ. ಡಯಲಿನ ಮುಳ್ಳು ಒಳಗೆ ಒತ್ತಿದರೆ ಪ್ಲಸ್ ಅಂದುಕೊಳ್ಳಿ. 12ರಲ್ಲಿ 0, 3ರಲ್ಲಿ 0.08 ಮಿ.ಮೀ., 6ರಲ್ಲಿ 0.36, 9ರಲ್ಲಿ 0.28 ಬಂತು. ಮೊದಲು 3 ಮತ್ತು 9ನ್ನು ಕೂಡಿಸಿ ನೋಡಿ. 0.36, ಅಂದರೆ 6ರ ಲೆಕ್ಕಕ್ಕೆ ಸರಿಹೋಯಿತು. ತೂತು ದುಂಡಗಿದೆ, ಅಳತೆ ನಂಬಬಹುದು. 6ರಲ್ಲಿ ಮುಳ್ಳು ಜಾಸ್ತಿ ಒತ್ತಿದೆ, ಕೆಳಗಿನ ಗೋಡೆ ಹತ್ತಿರ ಬಂದಿದೆ. ಅಂದರೆ ಹೌಸಿಂಗ್ ಮೇಲೆ ಕೂತಿದೆ. ಎಷ್ಟು? 0.36ರ ಅರ್ಧ, 0.18. ಈ ಅರ್ಧವನ್ನೇ ಜನ ಮರೆಯುವುದು. ಡಯಲ್ ತೋರಿಸುವುದು ಎರಡು ಪಟ್ಟು, ಸೆಂಟರ್ ತಪ್ಪಿರುವುದು ಅದರಲ್ಲಿ ಅರ್ಧ. ಅಡ್ಡಕ್ಕೆ 9 ಮತ್ತು 3ರ ವ್ಯತ್ಯಾಸ 0.20, ಅರ್ಧ 0.10. ಹೌಸಿಂಗ್ 3ರ ಕಡೆ ಜರುಗಿದೆ. ಅದನ್ನು ಕೆಳಕ್ಕೆ 0.18, 9ರ ಕಡೆ 0.10 ತರಬೇಕು. ಕಾಗದದ ಮೇಲೆ ಎರಡು ಗೆರೆ ಎಳೆದು ಓರೆ ಅಳೆದರೆ ಒಟ್ಟು ಸುಮಾರು 0.20, ದಿಕ್ಕು 7 ಗಂಟೆ.

ಸಾಮಾನ್ಯವಾಗಿ ಡಯಲಿನಲ್ಲಿ ಒಟ್ಟು 0.25 ಮಿ.ಮೀ. ತನಕ, ಅಂದರೆ ಸೆಂಟರ್ ತಪ್ಪು 0.125 ತನಕ ಒಪ್ಪುತ್ತಾರೆ. ಹಳೇ ಲೆಕ್ಕದಲ್ಲಿ 10 ಥೌ ಮತ್ತು 5 ಥೌ (ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ). ನಿಮ್ಮ ಎಂಜಿನ್ ಮ್ಯಾನ್ಯುಯಲ್‌ನಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ.

ಸರಿಮಾಡಲು ಎರಡು ದಾರಿ. ಅಡಾಪ್ಟರ್ ಇಲ್ಲದ, ಮೂಲ ಎಂಜಿನ್ ಆಗಿದ್ದರೆ ಆಫ್‌ಸೆಟ್ ಡೋವೆಲ್ ಹಾಕುತ್ತಾರೆ. ಬ್ಲಾಕಿಗೆ ಹೋಗುವ ಅರ್ಧ ಒಂದು ಸೆಂಟರ್, ಹೌಸಿಂಗ್‌ಗೆ ಹೋಗುವ ಅರ್ಧ ಸ್ವಲ್ಪ ಜರುಗಿದ ಇನ್ನೊಂದು ಸೆಂಟರ್. ಅಮೆರಿಕದಲ್ಲಿ ಇವು 7, 14, 21 ಥೌ ಅಳತೆಯಲ್ಲಿ ರೆಡಿ ಸಿಗುತ್ತವೆ. ನಮ್ಮಲ್ಲಿ ಲೇತ್‌ನಲ್ಲಿ ಮಾಡಿಸಬಹುದು. ಫೋರ್ ಜಾ ಚಕ್‌ನಲ್ಲಿ (ನಾಲ್ಕು ದವಡೆಯನ್ನೂ ಬೇರೆ ಬೇರೆ ಸರಿಸಬಹುದಾದ ಲೇತ್ ಹಿಡಿ) ಹಿಡಿದು 0.20 ಜರುಗಿಸಿದರೆ ಅಲ್ಲೂ ಡಯಲ್ 0.40 ಆಡುತ್ತದೆ. ಪಿನ್ ತುದಿಗೆ ಸ್ಕ್ರೂಡ್ರೈವರ್ ಕೂರುವ ಸೀಳು ಹೊಡೆಸಿ, ತಿರುಗಿಸಲು ಬೇಕು. ಹಾಕುವಾಗ ಎರಡೂ ಪಿನ್ ಒಂದೇ ದಿಕ್ಕಿಗೆ, ನಮ್ಮ ಉದಾಹರಣೆಯಲ್ಲಿ 7 ಗಂಟೆಗೆ ಮುಖ ಮಾಡಿರಬೇಕು. ಒಂದು ಆ ಕಡೆ ಒಂದು ಈ ಕಡೆ ಆದರೆ ಹೌಸಿಂಗ್ ಕೂರುವುದೇ ಇಲ್ಲ.

ನಿಮ್ಮದು ಅಡಾಪ್ಟರ್ ಪ್ಲೇಟ್ ಆದ್ದರಿಂದ ಇನ್ನೂ ಸುಲಭದ ದಾರಿ ಇದೆ, ನಾನು ಮಾಡಿದ್ದೂ ಅದೇ. ಪ್ಲೇಟನ್ನು ಎಂಜಿನ್‌ಗೆ ಡೋವೆಲ್ ಸಮೇತ ಬಿಗಿಯಿರಿ. ಹೌಸಿಂಗ್ ಬೋಲ್ಟುಗಳನ್ನು ಅರೆಬಿಗಿ ಇಟ್ಟು, ಡಯಲ್ ನೋಡುತ್ತಾ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಬೋಲ್ಟ್ ತೂತು ಅಡ್ಡ ಬಂದರೆ ಒಂದಿಷ್ಟು ಅಗಲ ಮಾಡಬಹುದು, ಹೇಗೂ ಅದು ಸೆಂಟರ್ ಹಿಡಿಯುವುದಿಲ್ಲ. ಡಯಲ್ 0.05 ಒಳಗೆ ಬಂದ ಮೇಲೆ ಪೂರ್ತಿ ಬಿಗಿದು ಮತ್ತೆ ಓದಿ, ಬಿಗಿಯುವಾಗ ಜರುಗುತ್ತದೆ. ಸರಿಯಿದ್ದರೆ ಆ ಸ್ಥಿತಿಯಲ್ಲೇ ಹೌಸಿಂಗ್ ಮತ್ತು ಪ್ಲೇಟ್ ಎರಡರಲ್ಲೂ ಒಟ್ಟಿಗೆ ಡ್ರಿಲ್ ಹೊಡೆದು, ರೀಮರ್ (ತೂತನ್ನು ಸರಿ ಅಳತೆಗೆ ತರುವ ಉಪಕರಣ) ಹಾಯಿಸಿ, ದೂರ ದೂರ ಎರಡು ಡೋವೆಲ್ ಹೊಡೆಯಿರಿ. ಮುಂದೆ ನೂರು ಸಲ ಬಿಚ್ಚಿದರೂ ಅದೇ ಜಾಗಕ್ಕೆ ಬರುತ್ತದೆ.

ಹೌಸಿಂಗ್‌ನ ಹಿಂದಿನ ಮುಖವನ್ನೂ ಅಳೆಯಿರಿ. ಮುಳ್ಳನ್ನು ಮುಖಕ್ಕೆ ತಾಗಿಸಿ ಒಂದು ಸುತ್ತು ತಿರುಗಿಸಿ. ಕ್ರ್ಯಾಂಕಿಗೆ ಹಿಂದೆ ಮುಂದೆ ಸ್ವಲ್ಪ ಪ್ಲೇ ಇರುತ್ತದೆ, ಪ್ರತಿ ಸಲ ಓದುವಾಗ ಫ್ಲೈವೀಲನ್ನು ಮುಂದಕ್ಕೆ ಒತ್ತಿ ಹಿಡಿಯಿರಿ. ಜಾಸ್ತಿ ವ್ಯತ್ಯಾಸ ಬಂದರೆ ಪ್ಲೇಟಿನ ದಪ್ಪ ಎಲ್ಲ ಕಡೆ ಒಂದೇ ಇಲ್ಲ, ಸರ್ಫೇಸ್ ಗ್ರೈಂಡಿಂಗ್ ಮಾಡಿಸಿ. ಶಿಮ್ (ತೆಳು ತಗಡು) ಇಟ್ಟು ಸರಿಮಾಡುವವರೂ ಇದ್ದಾರೆ, ಪ್ಲೇಟ್ ಕೈಯಲ್ಲೇ ಇರುವಾಗ ನನಗೆ ಗ್ರೈಂಡಿಂಗೇ ಇಷ್ಟ.

ಪೈಲಟ್ ಬುಷ್ ಹೇಗೂ ಹೊಸದು ಹಾಕಿ. ಇನ್‌ಪುಟ್ ಶಾಫ್ಟಿನ ಮೂಗು ಅದರೊಳಗೆ ಎಷ್ಟು ಹೋಗುತ್ತಿದೆ ಅಂತ ಹಳೇ ಉಜ್ಜಿದ ಗುರುತಿನಲ್ಲಿ ನೋಡಿ. ಅಡಾಪ್ಟರ್ ದಪ್ಪದಷ್ಟು ಗೇರ್‌ಬಾಕ್ಸ್ ಹಿಂದಕ್ಕೆ ಹೋಗಿರುತ್ತದೆ. ಮೂಗಿನ ತುದಿ ಮಾತ್ರ ತಾಗುತ್ತಿದ್ದರೆ ಉದ್ದನೆಯ ಬುಷ್ ಮಾಡಿಸಬೇಕು.

ಕೊನೆಗೆ ಗೇರ್‌ಬಾಕ್ಸ್ ಏರಿಸುವಾಗ ಅದು ಕೈಯಲ್ಲಿ ತಳ್ಳಿದರೇ ಮುಖಕ್ಕೆ ಮುಖ ಕೂರಬೇಕು. ಬೋಲ್ಟ್ ಹಾಕಿ ಎಳೆಯಬೇಡಿ. ಹಾಗೆ ಎಳೆದರೆ ಹೊಸ ಕ್ಲಚ್ ಪ್ಲೇಟಿನ ಹಬ್ ಅಲ್ಲೇ ಬಾಗುತ್ತದೆ.

ಇಷ್ಟಾದ ಮೇಲೂ ಟಾಪ್ ಗೇರ್ ಬಿದ್ದರೆ ಗೇರ್‌ಬಾಕ್ಸ್ ಬಿಚ್ಚಿ ನೋಡಬೇಕು, ಇಷ್ಟು ದಿನದ ಎಳೆತಕ್ಕೆ ಮುಂದಿನ ಬೇರಿಂಗ್ ಸವೆದಿರಬಹುದು. ಮೊದಲು ಡಯಲ್ ಇಟ್ಟು ನಾಲ್ಕು ರೀಡಿಂಗ್ ಇಲ್ಲೇ ಕೆಳಗೆ ಬರೆಯಿರಿ, ಪ್ಲೇಟಿನ ದಪ್ಪವನ್ನೂ ಹಾಕಿ. ಯಾವ ಕಡೆಗೆ ಎಷ್ಟು ಸರಿಸಬೇಕು ಅಂತ ಲೆಕ್ಕ ಹಾಕಿ ಕೊಡುತ್ತೇನೆ.