ಒಬ್ಬರೇ ಇದ್ದರೆ ಒಂಟಿನಾ?

ಪ್ರಶ್ನೆ: ನನಗೆ 64 ವರ್ಷ. ಯಜಮಾನರು ತೀರಿಕೊಂಡು ಆರು ವರ್ಷವಾಯಿತು. ಮಗ ಪುಣೆಯಲ್ಲಿದ್ದಾನೆ. ನಾನು ಹಾಸನದ ಮನೆಯಲ್ಲಿ ಒಬ್ಬಳೇ ಇದ್ದೇನೆ, ಚೆನ್ನಾಗಿಯೇ ಇದ್ದೇನೆ. ಆದರೆ ನೆಂಟರು, ಅಕ್ಕಪಕ್ಕದವರು ಎಲ್ಲರೂ ‘ಒಂಟಿ ಹೆಂಗಸು’ ಅಂತಾರೆ. ಕೇಳಿದಾಗೆಲ್ಲ ಚುಚ್ಚಿದ ಹಾಗಾಗುತ್ತದೆ. ಪದದಲ್ಲೇ ಏನಾದರೂ ಇದೆಯಾ, ಇಲ್ಲಾ ನಾನೇ ಜಾಸ್ತಿ ಯೋಚನೆ ಮಾಡ್ತಿದ್ದೀನಾ?

ಉತ್ತರ: ಪದದಲ್ಲೇ ಇದೆ, ಅಮ್ಮಾ. ನೀವು ಜಾಸ್ತಿ ಯೋಚನೆ ಮಾಡುತ್ತಿಲ್ಲ.

ಒಂಟಿ ನಮ್ಮದೇ ಹಳೆಯ ಪದ, ‘ಒಂದು’ ಅನ್ನುವುದರ ನೆಂಟ. ತೆಲುಗಿನಲ್ಲಿ ಒಂಟರಿ, ತಮಿಳಿನಲ್ಲಿ ಒಂಡಿ ಅನ್ನುತ್ತಾರೆ. ಅದನ್ನು ನಾವು ಎಲ್ಲೆಲ್ಲಿ ಬಳಸುತ್ತೇವೆ ನೋಡಿ. ಒಂಟಿ ಓಲೆ. ಒಂಟಿ ಎತ್ತು. ಒಂಟಿ ಸೀನು ಬಂದರೆ ಹೊರಟವರು ಹಾಗೇ ನಿಲ್ಲುತ್ತಾರೆ, ಇನ್ನೊಂದು ಬರಲಿ ಅಂತ ಕಾಯುತ್ತಾರೆ. ದೇವಸ್ಥಾನದಿಂದ ಹೊರಗೆ ಬಂದಾಗ ಒಂದು ಚಪ್ಪಲಿ ಸಿಗುತ್ತದೆ, ಇನ್ನೊಂದು ಕಾಣುವುದಿಲ್ಲ. ಕೈಯಲ್ಲಿರುವ ಚಪ್ಪಲಿಗೆ ಏನೂ ಆಗಿಲ್ಲ. ಬಾರು ಗಟ್ಟಿಯಾಗಿದೆ, ಅಟ್ಟೆ ಸವೆದಿಲ್ಲ. ಆದರೂ ಒಂಟಿ ಚಪ್ಪಲಿ ಅಂತ ಅಲ್ಲೇ ಬಿಟ್ಟು ಬರುತ್ತೇವೆ. ಇರಬೇಕಾದ್ದು ಎರಡು, ಇರುವುದು ಒಂದು: ಈ ಜೋಡಿಯ ಲೆಕ್ಕ ಒಂಟಿ ಅನ್ನುವ ಪದದ ಒಳಗೇ ಕೂತಿದೆ. ನಿಮಗೆ ಚುಚ್ಚುವುದು ಅದೇ.

‘ಒಬ್ಬಳೇ’ ಅನ್ನುವುದರಲ್ಲಿ ಆ ಲೆಕ್ಕ ಇಲ್ಲ. ಕನ್ನಡದಲ್ಲಿ ಮನುಷ್ಯರನ್ನು ಒಂದು, ಎರಡು ಅಂತ ಎಣಿಸುವುದಿಲ್ಲ. ಒಬ್ಬ, ಒಬ್ಬಳು, ಇಬ್ಬರು ಅನ್ನುತ್ತೇವೆ. ಅದರ ಕೊನೆಗೆ ಒಂದು ‘ಏ’ ಸೇರಿಸಿದರೆ ಸಾಕು. ‘ಒಬ್ಬಳೇ ಇದ್ದೇನೆ’ ಅಂದರೆ ಸದ್ಯದ ಸಂಗತಿ, ನಾಳೆ ಮಗ ಬಂದರೆ ಬದಲಾಗುತ್ತದೆ. ‘ಒಂಟಿ’ ಹಾಗಲ್ಲ, ಆಳಿಗೇ ಅಂಟಿಕೊಳ್ಳುತ್ತದೆ. ನಿಮ್ಮ ಪತ್ರದಲ್ಲಿ ನೀವು ‘ಒಬ್ಬಳೇ’ ಅಂತಲೇ ಬರೆದಿದ್ದೀರಿ. ಅದೇ ಸರಿ. ಬೇರೆಯವರು ಒಂಟಿ ಅಂದಾಗ ಅಲ್ಲೇ ತಿದ್ದಿ.

ನಿಮ್ಮ ಜಿಲ್ಲೆಯಲ್ಲೇ ಈ ಪದಕ್ಕೆ ಇನ್ನೊಂದು ಮುಖವೂ ಇದೆ. ಸಕಲೇಶಪುರ, ಆಲೂರು ಕಡೆ ಒಂಟಿ ಸಲಗ ಬಂತು ಅಂದರೆ ಕಾಫಿ ತೋಟದಲ್ಲಿ ಕೆಲಸ ನಿಲ್ಲುತ್ತದೆ. ಆನೆ ಹಿಂಡು ಅಂದರೆ ಹೆಣ್ಣಾನೆಗಳು ಮತ್ತು ಮರಿಗಳು. ಗಂಡಾನೆ ಬೆಳೆದ ಮೇಲೆ ಹಿಂಡು ಬಿಟ್ಟು ಹೋಗುವುದು ಅದರ ಸಹಜ ಗುಣ. ಅದನ್ನು ಯಾರೂ ಅಯ್ಯೋ ಪಾಪ ಅನ್ನುವುದಿಲ್ಲ. ಒಬ್ಬನೇ ನಿಂತ ಗಂಡಸಿಗೂ ಒಂಟಿ ಸಲಗ ಅಂತ ಬಿರುದು ಕೊಡುತ್ತೇವೆ. ಗಂಡಿಗೆ ಸಲಗದ ಗತ್ತು, ಹೆಣ್ಣಿಗೆ ಚಪ್ಪಲಿಯ ಪಾಡು. ನನಗೆ ಇದು ನಿಜವಾಗಿಯೂ ಬೇಜಾರಿನ ವಿಷಯ.

ಬೇಕು ಅಂತಲೇ ಒಬ್ಬರೇ ಇರುವುದಕ್ಕೆ ಏಕಾಂತ ಅನ್ನಬಹುದು. ಅದರಲ್ಲಿ ಕೊರತೆಯ ಮಾತಿಲ್ಲ. ತಿರುಮಲದಲ್ಲಿ ರಾತ್ರಿ ದೇವರನ್ನು ಮಲಗಿಸುವ ಸೇವೆಗೂ ಏಕಾಂತ ಸೇವೆ ಅಂತಲೇ ಹೆಸರು.

ಪ್ರಶ್ನೆ: ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಈಜುಕೊಳಕ್ಕೆ ಕನ್ನಡ ಬೋರ್ಡ್ ಬರೆಸುತ್ತಿದ್ದೇವೆ. ಮಕ್ಕಳನ್ನು ಅವರಷ್ಟಕ್ಕೇ ಬಿಡಬಾರದು ಅಂತ ಹೇಳಬೇಕು. ಫೋನಿನ ಆ್ಯಪ್ ‘ವಾರಸುದಾರರಿಲ್ಲದ ಮಕ್ಕಳಿಗೆ ಪ್ರವೇಶವಿಲ್ಲ’ ಅಂತ ಕೊಟ್ಟಿತು. ಸರೀನಾ? ಒಂದೇ ಪದ ಸಿಗಲ್ವಾ?

ಉತ್ತರ: ದಯವಿಟ್ಟು ಅದನ್ನು ಹಾಕಬೇಡಿ. ವಾರಸುದಾರರಿಲ್ಲದ್ದು ಅನ್ನುವುದು ರೈಲು ನಿಲ್ದಾಣದಲ್ಲಿ ಬಿಟ್ಟುಹೋದ ಬ್ಯಾಗಿಗೆ ಸರಿ, ಮಗುವಿಗಲ್ಲ. ಅರಬ್ಬಿಯಿಂದ ಬಂದ ‘ವಾರಸು’ ಅಂದರೆ ಆಸ್ತಿಯ ಹಕ್ಕು. ಅದೇ ಮೂಲಕ್ಕೆ ಪಾರ್ಸಿಯ ‘ಬೇ’ ಸೇರಿ ಬೇವಾರ್ಸಿ ಆಯಿತು. ವಾರಸುದಾರರಿಲ್ಲದ್ದು ಅಂತಷ್ಟೇ ಅರ್ಥವಿದ್ದ ಮಾತು ಈಗ ಬರೀ ಬೈಗುಳ. ಮಕ್ಕಳ ಪಕ್ಕ ಅದರ ನೆರಳೂ ಬೇಡ.

ಒಂದೇ ಪದ ಹುಡುಕಬೇಡಿ. ಹುಡುಕಿದರೆ ಸಿಗುವುದೆಲ್ಲ ಕೊಟ್ಟಿಗೆ, ಲಾಯದ ಮಾತು. ಮೂಗುದಾರ ಇಲ್ಲದ ಎತ್ತು, ಲಗಾಮಿಲ್ಲದ ಕುದುರೆ. ನಿರಂಕುಶ ಅಂದರೂ ಮಾವುತನ ಅಂಕುಶ ಇಲ್ಲದ ಆನೆಯೇ. ಅಂಕೆಯಿಲ್ಲದ ಕಪಿ ಲಂಕೆ ಸುಟ್ಟಿತು ಅನ್ನುವ ಗಾದೆ ಬೇರೆ ಇದೆ. ಈ ಮಾತುಗಳಲ್ಲಿ ತಪ್ಪೆಲ್ಲ ತಪ್ಪಿಸಿಕೊಂಡ ಪ್ರಾಣಿಯದ್ದು, ನೋಡಿಕೊಳ್ಳಬೇಕಾದವರ ಹೆಸರೇ ಇಲ್ಲ. ರಸ್ತೆಯಲ್ಲಿ ಮಲಗಿದ ದನಕ್ಕೆ ‘ಬಿಡಾಡಿ’ ಅನ್ನುತ್ತೇವೆ, ಬಿಟ್ಟವರಿಗೆ ಏನೂ ಅನ್ನುವುದಿಲ್ಲ. ದೇವರ ಹೆಸರಲ್ಲಿ ಬಿಟ್ಟ ಬಸವ ಕೂಡ ಹಾಗೇ ಹಗ್ಗವಿಲ್ಲದೆ ತಿರುಗುತ್ತದೆ. ಆದರೆ ಅದು ಬಾಗಿಲಿಗೆ ಬಂದರೆ ಅಕ್ಕಿ ಬೆಲ್ಲ ಕೊಟ್ಟು ಕೈ ಮುಗಿಯುತ್ತಾರೆ. ಅದನ್ನು ಊರೇ ನೋಡಿಕೊಳ್ಳುತ್ತದೆ, ಅದಕ್ಕೇ ಅದು ಬಿಡಾಡಿ ಅಲ್ಲ.

ಹಾಗಾಗಿ ನಿಮ್ಮ ಬೋರ್ಡಿನಲ್ಲೂ ಮಾತು ದೊಡ್ಡವರ ಕಡೆಗೆ ತಿರುಗಲಿ. ‘ದೊಡ್ಡವರು ಜೊತೆಗಿಲ್ಲದೆ ಮಕ್ಕಳನ್ನು ನೀರಿಗೆ ಬಿಡಬೇಡಿ’ ಅಂತ ಬರೆಸಿ. ಜೊತೆಗಿದ್ದೂ ಫೋನ್ ನೋಡುತ್ತಾ ಕೂರುವವರಿದ್ದಾರಲ್ವಾ? ಅವರಿಗೆ ಕೆಳಗೆ ಇನ್ನೊಂದು ಸಾಲು: ‘ಕಣ್ಣು ಮಗುವಿನ ಮೇಲಿರಲಿ.’ ಅಕ್ಷರ ದೊಡ್ಡದಿರಲಿ, ಬೋರ್ಡನ್ನು ಕೊಳದ ಗೇಟಿಗೇ ಹಾಕಿಸಿ.